ಅಳಿವೆಯಾಚೆಯ ಹಿಮ

ಬಿಜೈ, ಮಂಗಳೂರು
12 ಜನವರಿ 1958

ನೂರ್ ಮುಹಮ್ಮದನಿಗೆ,

ನಿನ್ನ ವಿಳಾಸವನ್ನು ನಿನ್ನ ಉಮ್ಮ ಕೊಟ್ಟರು. ಬಂದರಿನ ನಿಮ್ಮ ಮನೆಯ ಮೆಟ್ಟಿಲವರೆಗೆ ಮೂರು ಸಲ ಹೋಗಿ ಹಿಂದೆ ಬಂದಿದ್ದೆ. ನಾಲ್ಕನೇ ಸಲ ಅವರೇ ಕಿಟಕಿಯಿಂದ ಕಂಡು, “ಎಂತ ನೋಣಯ್ಯಣ್ಣ, ದಾರಿಯಲ್ಲಿ ಬೇರು ಬಿಟ್ಟದ್ದಾ? ಒಳಗೆ ಬನ್ನಿ” ಎಂದು ಕರೆದರು. ಚಾ ಕುಡಿದೆ. ಮೋಹನದಾಸನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಎದ್ದು ಹೊರಡುವಾಗ ವಿಳಾಸದ ಚೀಟಿಯನ್ನು ಕೈಗೆ ಕೊಟ್ಟರು.

ಮಗ ಹೋಗಿ ಏಳೂವರೆ ತಿಂಗಳಾಯಿತು. ಹದಿಮೂರನೆಯ ದಿನಕ್ಕೆ ನೀನು ಬರುತ್ತೀ ಎಂದು ಕಾದಿದ್ದೆವು. ಆಗಲೇ ಬೊಂಬಾಯಿಗೆ ಹೋದೆ ಎಂದು ಆಮೇಲೆ ತಿಳಿಯಿತು. ನನಗೆ ಅದರಲ್ಲಿ ಕೋಪವಿಲ್ಲ. ಅಳಿವೆಯ ಬಾಗಿಲಿನಲ್ಲಿ, ನದಿ ಸಮುದ್ರಕ್ಕೆ ಬೀಳುವ ಆ ಜಾಗದಲ್ಲಿ ಆ ದಿನ ಏನಾಯಿತು ಎಂದು ನಾನು ಕೇಳುವುದಿಲ್ಲ. ನೀನು ಬದುಕಿ ಬಂದೆ. ಅಷ್ಟು ಸಾಕು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಪ್ಪತ್ತಾರು ವರ್ಷದಿಂದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವುದೇ ಕೆಲಸ. ಮಾತು ಕಡಿಮೆ. ಕತ್ತರಿಸಿ ಬಿಸಾಡುವ ಕಾಗದದ ಅಂಚುಗಳನ್ನು ಹೊಲಿದುಕೊಂಡು ದಿನಚರಿ ಬರೆಯುವ ಅಭ್ಯಾಸ ಇದೆ. ಅದನ್ನು ಮುಂದೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. 1957ರ ಏಪ್ರಿಲ್ 14ರಂದು ಹೀಗೆ ಬರೆದಿದ್ದೇನೆ: ‘ಸಂಜೆ ಐದಕ್ಕೆ ಹುಡುಗರ ದೋಣಿಗೆ ಉಸಿರು ಬಂತು.’

ಬೇರೆ ಶಬ್ದ ನನಗೆ ಸಿಕ್ಕಿರಲಿಲ್ಲ. ಒಡೆದ ಹಾಯಿಹಡಗು ಮಂಜಿಯ ಹಲಗೆ, ಘಾಟಿಯಲ್ಲಿ ಪ್ರಪಾತಕ್ಕೆ ಬಿದ್ದ ಲಾರಿಯ ಇಂಜಿನ್, ಮುಚ್ಚಿದ ಅಕ್ಕಿ ಮಿಲ್ಲಿನ ಶಾಫ್ಟು. ಎಲ್ಲವೂ ಸತ್ತ ವಸ್ತುಗಳು. ನೀವಿಬ್ಬರೂ ಎರಡು ವರ್ಷ ಗುಜರಿಯಿಂದ ಗುಜರಿಗೆ ತಿರುಗಿ ಅವನ್ನು ತಂದು ಸೇರಿಸಿದಿರಿ. ಹ್ಯಾಂಡಲ್ ತಿರುಗಿಸಿದಾಗ ಅದು ಕೆಮ್ಮಿತು, ನಡುಗಿತು, ನೀರನ್ನು ಹಿಂದೆ ಒದೆಯಿತು. ದೋಣಿಗಳು ನಿಲ್ಲುವ ದಕ್ಕೆಯಲ್ಲಿದ್ದ ಹೆಂಗಸರು ಓಡಿದರು. ನನ್ನ ಮಗನ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಅವನ ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿದೆ. ರಟ್ಟು ಹರಿದಿದೆ, ಹೆಸರಿನ ಪುಟ ಇಲ್ಲ. ಇಂಗ್ಲಿಷ್ ಮೊಳೆಯನ್ನು ಒಂದೊಂದಾಗಿ ನೋಡಿ ಜೋಡಿಸುತ್ತೇನೆಯೇ ಹೊರತು ಓದಿ ತಿಳಿಯಲು ನನಗೆ ಬರುವುದಿಲ್ಲ. ಹಾಳೆಗಳನ್ನು ನನ್ನ ಹೆಂಡತಿ ಮುದ್ದು ಮಗುಚಿ ತೋರಿಸಿದಳು. ಮಸಿಯ ಕೈಯಲ್ಲಿ ಅಚ್ಚಾದ ಹಾಳೆ ಮುಟ್ಟಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಫೋರ್‌ಮನ್ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದ. ಆ ಅಭ್ಯಾಸ ಮನೆಯಲ್ಲೂ ಉಳಿದಿದೆ. ಪುಸ್ತಕದ ತುಂಬಾ ಮೋಹನನ ಪೆನ್ಸಿಲ್ ಗುರುತುಗಳು. ಅವು ಕಾಲೇಜಿನ ಮಕ್ಕಳು ಹಾಕುವ ಗೆರೆಗಳಂತಿಲ್ಲ; ಪ್ರೂಫ್ ತಿದ್ದುವ ಗುರುತುಗಳು. ಚಿಕ್ಕವನಿರುವಾಗ ನನ್ನ ಪ್ರೂಫ್ ಹಾಳೆಗಳ ಮೇಲೆ ಆಟವಾಡುತ್ತಾ ಕಲಿತದ್ದು. ಗುರುತು ನನಗೆ ತಿಳಿಯುತ್ತದೆ, ಅದರ ಪಕ್ಕದ ಮಾತು ತಿಳಿಯುವುದಿಲ್ಲ.

ಆ ಪುಸ್ತಕದಲ್ಲಿ ಏನಿದೆ? ನಿನಗೆ ಹೇಳಿರಬಹುದು.

ನೋಣಯ್ಯ


ಬೊಂಬಾಯಿ
9 ಮಾರ್ಚ್ 1958

ನೋಣಯ್ಯ ಮಾಮನವರಿಗೆ,

ನಿಮ್ಮ ಪತ್ರ ಎಂಟು ವಾರ ನನ್ನ ತಲೆದಿಂಬಿನ ಕೆಳಗೆ ಇತ್ತು. ನಿಮ್ಮ ಹತ್ತಿರ ಯಾವಾಗಲೂ ತುಳುವಿನಲ್ಲಿ ಮಾತಾಡಿದವನು, ಕನ್ನಡದಲ್ಲಿ ಬರೆಯಲು ಕುಳಿತರೆ ಹೆಡ್‌ಮಾಸ್ಟರರ ಮುಂದೆ ನಿಂತ ಹಾಗಾಗುತ್ತದೆ.

ಹಡಗು ರಿಪೇರಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮೊನ್ನೆ ಒಂದು ದೊಡ್ಡ ಹಡಗಿನ ಇಂಜಿನ್ ಕೋಣೆಗೆ ಇಳಿದೆ. ಮಾಮ, ಅಲ್ಲಿ ಒಂದು ಪಿಸ್ಟನ್ ನಮ್ಮ ಮನೆಯ ಬಾವಿಯಷ್ಟು ಅಗಲ. ಅದು ಮೇಲೆ ಕೆಳಗೆ ಹೋಗುವುದನ್ನು ನೋಡುತ್ತಾ ಬಾಯಿ ತೆರೆದು ನಿಂತೆ. ಪಕ್ಕದಲ್ಲಿ ತಿವಿಯಲು ಕೈ ಎತ್ತಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಪುಸ್ತಕದ ಕಥೆ ಗೊತ್ತು. ಶೆಡ್ಡಿನಲ್ಲಿ ಹಲಗೆ ಕೆತ್ತುವಾಗ ಮೋಹನ ಹೇಳುತ್ತಿದ್ದ. ಒಬ್ಬ ಕಲಿತ ಮನುಷ್ಯ ಸತ್ತವರ ಅಂಗಾಂಗ ಸೇರಿಸಿ ಜೀವ ಕೊಡುತ್ತಾನೆ. ಜೀವ ಬಂದ ಕೂಡಲೇ ಅದರ ಮುಖ ನೋಡಿ ಹೆದರಿ ಓಡುತ್ತಾನೆ. ಹೆಸರು ಕೂಡ ಇಡುವುದಿಲ್ಲ. ಅದಕ್ಕೇ ನಾವೂ ದೋಣಿಗೆ ಹೆಸರು ಇಡಲಿಲ್ಲ. ತಮಾಷೆಗೆ. ಮಂಜಿ ನಡೆಸುತ್ತಿದ್ದ ಮುದಿ ತಂಡೇಲ ಮೂಸಬ್ಬ ನಿತ್ಯ ಬೈಯುತ್ತಿದ್ದರು, “ಹೆಸರಿಲ್ಲದ್ದನ್ನು ನೀರಿಗೆ ಇಳಿಸಬೇಡಿ ಮಾರಾಯ್ರೇ. ಸಮುದ್ರ ಎಂತ ಹೇಳಿ ಕರೆಯುವುದು ಅದನ್ನು?” ಮೋಹನ ಹೇಳುತ್ತಿದ್ದ, “ಕರೆಯದಿದ್ದರೆ ಒಳ್ಳೆಯದಲ್ವಾ ಮೂಸಬ್ಬಾಕ?”

ಹೆಚ್ಚು ಬರೆಯಲಾರೆ. ಮುದ್ದು ಅತ್ತೆಯ ಹತ್ತಿರ ನನ್ನ ಸುದ್ದಿ ಹೇಳಬೇಡಿ.

ನೂರ್ ಮುಹಮ್ಮದ್


ಬಿಜೈ
20 ಸೆಪ್ಟೆಂಬರ್ 1959

ನೂರು,

ನಡುವೆ ನಾಲ್ಕು ಕಾರ್ಡು ಹಾಕಿದೆ. ನಿನ್ನಿಂದ ಒಂದೂ ಬರಲಿಲ್ಲ. ಉಮ್ಮನಿಗೆ ಮನಿಯಾರ್ಡರ್ ಬರುತ್ತಿದೆ ಎಂದು ಕೇಳಿ, ಜೀವದಲ್ಲಿದ್ದೀ ಎಂದುಕೊಂಡೆ.

ಫಳ್ನೀರಿನಲ್ಲಿ ಜೊಕಿಮ್ ಮಾಸ್ಟರ್ ಇದ್ದಾರೆ, ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಈ ವರ್ಷದ ಮೊದಲಿನಿಂದ ಪ್ರತಿ ಆದಿತ್ಯವಾರ ಅವರು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ ನಾನು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತೇನೆ. ಅವರು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಓದಿ, ಕನ್ನಡಕ ತೆಗೆದು, ಕಥೆ ಹೇಳುತ್ತಾರೆ. ನಾನು ಕೈಗಳನ್ನು ತೊಡೆಯ ಮೇಲಿಟ್ಟು ಕೇಳುತ್ತೇನೆ.

ನೀನು ಬರೆದದ್ದು ಅರ್ಧ ಕಥೆ. ಮೋಹನ ನಿನಗೆ ಅಷ್ಟೇ ಹೇಳಿದ್ದನೋ, ನೀನು ನನಗೆ ಅಷ್ಟೇ ಹೇಳಿದೆಯೋ ತಿಳಿಯದು. ಅದು ಹಿಮದಲ್ಲಿ ಶುರುವಾಗುತ್ತದೆ. ಒಬ್ಬ ಕಪ್ತಾನ ಭೂಮಿಯ ತುತ್ತತುದಿಗೆ, ಮನುಷ್ಯರು ಯಾರೂ ಮುಟ್ಟದ ಜಾಗಕ್ಕೆ ಹಡಗು ನಡೆಸುತ್ತಾನೆ. ಸಮುದ್ರ ಗಟ್ಟಿಯಾಗಿ ಹಡಗು ನಿಂತುಬಿಡುತ್ತದೆ. ನಾನು ಜೀವಮಾನದಲ್ಲಿ ಕಂಡ ಹಿಮವೆಂದರೆ ದಕ್ಕೆಯಲ್ಲಿ ಮೀನಿನ ಪೆಟ್ಟಿಗೆಗೆ ಹಾಕುವ ಐಸಿನ ಗಡ್ಡೆ. ಅದರ ಮೇಲೆ ಕೈ ಇಟ್ಟು, ನಮ್ಮ ಅಳಿವೆಯಿಂದ ಆಕಾಶದ ಅಂಚಿನವರೆಗೆ ಇದೇ ಎಂದು ಊಹಿಸಲು ನೋಡಿದೆ. ಬೆರಳು ಜೋಮು ಹಿಡಿಯಿತು. ಇಷ್ಟು ದೊಡ್ಡ ಲೋಕವನ್ನು ನನ್ನ ಮಗ ತಲೆಯಲ್ಲಿ ಇಟ್ಟುಕೊಂಡು ನಮ್ಮ ಎರಡು ಕೋಣೆಯ ಮನೆಯಲ್ಲಿ ಉಂಡು ಮಲಗುತ್ತಿದ್ದ!

ಆ ಕಪ್ತಾನನಿಗೆ ಹಿಮದ ಮೇಲೆ ಒಬ್ಬ ಸಾಯುತ್ತಿರುವ ಮನುಷ್ಯ ಸಿಗುತ್ತಾನೆ. ಜೀವ ಕೊಟ್ಟು ಓಡಿದವನು ಇವನೇ. ಕಪ್ತಾನನಿಗೆ ಇವನ ಮೇಲೆ ಎಷ್ಟು ಪ್ರೀತಿ ಎಂದರೆ, ಇಷ್ಟು ದಿನ ಹುಡುಕಿದ ಗೆಳೆಯ ಇವನೇ ಎನ್ನುತ್ತಾನೆ. ಜೊಕಿಮ್ ಮಾಸ್ಟರ್ ನನ್ನ ಮೊಣಕಾಲಿಗೆ ತಟ್ಟಿ, “ನೋಡಿ ನೋಣಯ್ಯ, ಇಬ್ಬರದ್ದೂ ಒಂದೇ ರೋಗ. ಒಬ್ಬ ಹಾಸಿಗೆ ಹಿಡಿದಿದ್ದಾನೆ, ಇನ್ನೊಬ್ಬನಿಗೆ ಈಗಷ್ಟೇ ಜ್ವರ ಶುರು. ಮದ್ದು ಕೊಡುವವ ಯಾರು, ಕುಡಿಯುವವ ಯಾರು?” ಎಂದು ನಕ್ಕರು.

ನಾನು ನಗಲಿಲ್ಲ. ಮೋಹನ ಆ ಜೀವ ಕೊಟ್ಟವನು, ನೀನು ಆ ಕಪ್ತಾನ ಎಂದುಕೊಂಡೆ. ಕಪ್ತಾನ ಬದುಕಿ ಉಳಿಯುತ್ತಾನೆ.

ಕೊನೆಗೆ ಹಡಗಿನ ಆಳುಗಳು ಹಿಂದೆ ಹೋಗೋಣ ಎನ್ನುತ್ತಾರೆ. ಕಪ್ತಾನ ಒಪ್ಪಿ ತಿರುಗುತ್ತಾನೆ. ಅಲ್ಲಿ ಮಾಸ್ಟರ್ ಪುಟವನ್ನು ನನ್ನ ಕಡೆ ಹಿಡಿದು ತೋರಿಸಿದರು. ತಿರುಗುತ್ತೇನೆ ಎಂದು ಕಪ್ತಾನ ಹೇಳುವ ಸಾಲಿನ ಮೇಲೆ ಮೋಹನ ಅಡ್ಡಗೆರೆ ಎಳೆದು, ಅಂಚಿನಲ್ಲಿ ಬಾಲದ ಗುರುತು ಹಾಕಿದ್ದಾನೆ. ಪ್ರೆಸ್ಸಿನಲ್ಲಿ ಅದರ ಅರ್ಥ, ಇದನ್ನು ತೆಗೆದುಹಾಕು.

ನನ್ನ ಮಗ ಹಿಂದೆ ತಿರುಗುವ ಮಾತನ್ನೇ ಹೊಡೆದು ಹಾಕಿದ್ದಾನೆ, ನೂರು. ನನಗೆ ಎದೆ ತುಂಬಿ ಬಂತು. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನೋಣಯ್ಯ


ಬೊಂಬಾಯಿ
6 ನವೆಂಬರ್ 1959

ಪ್ರೀತಿಯ ಮಾಮ,

ನಿಮ್ಮ ಪತ್ರವನ್ನು ಕೆಲಸದ ಜಾಗದಲ್ಲೇ ಓದಿ, ಅಲ್ಲೇ ಒಂದು ಎಣ್ಣೆ ಡಬ್ಬದ ಮೇಲೆ ಕುಳಿತುಬಿಟ್ಟೆ. ಹೊಡೆದು ಹಾಕಿದ್ದಾನಾ? ಅವನ ಕೈಯಿಂದಲೇ? ಎರಡೂವರೆ ವರ್ಷದಿಂದ ನನ್ನ ಎದೆಯ ಮೇಲೆ ಕುಳಿತದ್ದು ಎದ್ದು ಹೋಯಿತು. ಏನೆಂದು ಕೇಳಬೇಡಿ.

ನಾನು ಇಲ್ಲಿಂದ ಬಿಡುತ್ತೇನೆ. ಕಾರವಾರದಲ್ಲಿ ಒಬ್ಬ ಬಡಗಿ ಗೊತ್ತು. ಅಲ್ಲಿ ಕೊಲ್ಲಿಯಲ್ಲಿ ಮಳೆಗಾಲದಲ್ಲೂ ನೀರು ಶಾಂತ. ಇನ್ನೊಂದು ದೋಣಿ ಮಾಡುತ್ತೇನೆ. ಇದರಲ್ಲೂ ಬೇರೆ ಬೇರೆ ಕಡೆಯ ಸತ್ತ ಸಾಮಾನೇ, ಆದರೆ ಈಗ ನನ್ನ ಕೈ ಪಳಗಿದೆ. ಅದನ್ನು ನಮ್ಮ ಅಳಿವೆಯ ಒಳಗೇ ತರುತ್ತೇನೆ. ಮಳೆಗಾಲಕ್ಕೆ ಕಡಲು ಮುಚ್ಚಿರುವಾಗಲೇ. ಶ್ರಾವಣದ ಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ ಎಲ್ಲರೂ ಬರುತ್ತಾರೆ. ಅದಕ್ಕೆ ಇಂಜಿನ್ ಯಾಕೆ?

ಬಂದರಿನಲ್ಲಿ ನಮ್ಮನ್ನು ನೋಡಿ ನಕ್ಕವರೆಲ್ಲ ದಡದಲ್ಲಿ ನಿಲ್ಲಬೇಕು. ಅವನು ಹೊಡೆದು ಹಾಕಿದ ಸಾಲನ್ನು ನಾನೂ ಓದುವುದಿಲ್ಲ.

ನಿಮ್ಮ
ನೂರು


ಬಿಜೈ
2 ಡಿಸೆಂಬರ್ 1959

ನೂರು,

ನಿನ್ನ ಪತ್ರ ಓದಿ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಸಂತೋಷವೇ ಹೆಚ್ಚು ಎಂದು ನಿಜ ಬರೆಯುತ್ತೇನೆ. ಅವನು ಬಿಟ್ಟ ಕೆಲಸ ಜಗತ್ತಿನಲ್ಲಿ ಎಲ್ಲೋ ನಡೆಯುತ್ತಿದೆ ಎಂದರೆ ಅವನು ಪೂರ್ತಿ ಹೋಗಲಿಲ್ಲ ಎಂದ ಹಾಗೆ.

ಒಂದು ಮಾತು. ಶಾಫ್ಟಿನ ಬೇರಿಂಗನ್ನು ಅಂಗಡಿಯಿಂದಲೇ ತರಿಸು. ಸೀಸ ಗೀಸ ಕರಗಿಸಿ ಶೆಡ್ಡಿನಲ್ಲಿ ಎರಕ ಹೊಯ್ಯುವ ಕೆಲಸ ಬೇಡ.

ನೋಣಯ್ಯ


ಕಾರವಾರ
25 ಜೂನ್ 1961

ಮಾನ್ಯ ನೋಣಯ್ಯನವರಿಗೆ,

ಒಂದೂವರೆ ವರ್ಷ ನಾನು ಬರೆಯದೆ ಇದ್ದದ್ದಕ್ಕೆ ಕಾರಣ ನಿಮಗೆ ಗೊತ್ತಿರಬಹುದು. ಹಳೆಯ ದೋಣಿಯ ಬೇರಿಂಗಿಗೆ ಎರಕ ಹೊಯ್ದವನು ನಾನು. ಅದು ಕೈಕೊಟ್ಟದ್ದರಿಂದ ಮೋಹನ ಹೋದ ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ನೇರವಾಗಿ ಬರೆಯಬಹುದಿತ್ತು. ಬುದ್ಧಿವಾದದ ಹಾಗೆ ಸುತ್ತಿ ಕೊಡಬೇಕಾಗಿರಲಿಲ್ಲ.

ಇರಲಿ. ದೋಣಿ ಆಯಿತು. ಮೂವತ್ತೆರಡು ಅಡಿ. ಮೊನ್ನೆ ಕೊಲ್ಲಿಯಿಂದ ಹೊರಗೆ ಒಯ್ದು ಬಂದೆ. ಎದುರಿನ ತೆರೆಯನ್ನು ಅದು ಹಲ್ಲು ಕಚ್ಚಿ ಹತ್ತುವಾಗ ಕೂಗಬೇಕು ಅನ್ನಿಸಿತು. ಕೂಗಿದೆ. ನನ್ನ ಜೊತೆ ನಾಲ್ವರು ಇದ್ದಾರೆ. ಮೂವರಿಗೆ ಮನೆಯಲ್ಲಿ ಸಣ್ಣ ಮಕ್ಕಳು. ಅವರಿಗೂ ಹುಚ್ಚು ಹಿಡಿಸಿದ್ದೇನೆ.

ಆಗಸ್ಟ್ ಹನ್ನೊಂದು, ಶುಕ್ರವಾರ, ನಿಮ್ಮ ಆಟಿ ಅಮಾವಾಸ್ಯೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದೊಡ್ಡ ಭರತ, ಉಬ್ಬರದ ನೀರು. ಆ ನೀರಿನ ಮೇಲೆ ಅಳಿವೆಗೆ ನುಗ್ಗುತ್ತೇನೆ. ಉಮ್ಮನಿಗೂ ಮೂಸಬ್ಬಾಕನಿಗೂ ಬರೆದಾಯಿತು. ಊರಿಗೆಲ್ಲ ತಿಳಿಯಲಿ. ನೀವು ಬರುತ್ತೀರೋ ಬಿಡುತ್ತೀರೋ ನಿಮ್ಮ ಇಷ್ಟ.

ನೂರ್ ಮುಹಮ್ಮದ್


ಬಿಜೈ
23 ಜುಲೈ 1961

ನೂರು, ಮಗನೇ,

ಈ ಪತ್ರವನ್ನು ನಿಂತುಕೊಂಡು ಓದಬೇಡ. ಎಲ್ಲಾದರೂ ಕುಳಿತುಕೋ.

ಜೊಕಿಮ್ ಮಾಸ್ಟರರ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ. “ಇನ್ನು ಆರು ತಿಂಗಳು ನಾನು ಅಕ್ಷರ ನೋಡ್ಲಿಕ್ಕಿಲ್ಲ. ಪುಸ್ತಕ ನೀವೇ ಇಟ್ಟುಕೊಳ್ಳಿ. ಮುಟ್ಟಿದರೆ ಅದು ಕಚ್ಚುವುದಿಲ್ಲ” ಎಂದು ಕೊಟ್ಟು ಕಳಿಸಿದರು. ನಿನ್ನೆ ಮಧ್ಯಾಹ್ನ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸಾಬೂನು ಹಾಕಿ, ಒರೆಸಿ, ಮೊದಲ ಸಲ ಆ ಪುಸ್ತಕವನ್ನು ನಾನೇ ಬಿಡಿಸಿದೆ. ಕೊನೆಯಲ್ಲಿ ಆ ಹೊಡೆದ ಸಾಲಿನ ಹಾಳೆ ಬಂತು. ಹಾಳೆಯ ಹಿಂಬದಿಗೆ ಬೆರಳು ತಾಗಿತು.

ಮೊಳೆ ಜೋಡಿಸುವವನ ಬೆರಳಿಗೆ ಕಣ್ಣಿದೆ. ಹಿಂಬದಿಯಲ್ಲಿ ಸಣ್ಣ ಸಣ್ಣ ಉಬ್ಬು ತಾಗಿದವು, ಒಂದರ ಪಕ್ಕ ಒಂದು, ಸಾಲಿನ ಉದ್ದಕ್ಕೂ. ಮುಂದಿನಿಂದ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಹೊಡೆದ ಸಾಲಿನ ಕೆಳಗೆ ಚುಕ್ಕಿಗಳು. ಸೀಸವಿಲ್ಲದ ಮೊನೆಯಿಂದ, ಪ್ರಾಯಶಃ ಸೂಜಿಯಿಂದ ಒತ್ತಿ ಇಟ್ಟವು. ಕಣ್ಣಿಗೆ ಕಾಣುವುದೇ ಇಲ್ಲ ಎನ್ನುವಷ್ಟು ತೆಳು.

ಹೊಡೆದ ಸಾಲಿನ ಕೆಳಗೆ ಚುಕ್ಕಿ ಇಟ್ಟರೆ ನಮ್ಮಲ್ಲಿ ಅರ್ಥ: ಹೊಡೆದದ್ದು ತಪ್ಪಾಯಿತು, ತೆಗೆಯಬೇಡ, ಮೊದಲಿದ್ದ ಹಾಗೆಯೇ ಇರಲಿ.

ಅವನು ಮೊದಲು ಹೊಡೆದ. ಆಮೇಲೆ ಯಾವಾಗಲೋ ಒಂದು ದಿನ ಅದೇ ಪುಟಕ್ಕೆ ಬಂದು, ಒಂದೊಂದೇ ಚುಕ್ಕಿ ಇಟ್ಟು ಆ ಸಾಲನ್ನು ಉಳಿಸಿದ. ಹದಿನೇಳು ಚುಕ್ಕಿಗಳಿವೆ. ನಾನು ಎಷ್ಟೋ ಹೊತ್ತು ಅವುಗಳ ಮೇಲೆ ಬೆರಳಾಡಿಸಿದೆ. ಸತ್ತ ನಾಲ್ಕು ವರ್ಷದ ಮೇಲೆ ನನ್ನ ಮಗ ಹಾಳೆಯ ಆಚೆ ಬದಿಯಿಂದ ನನ್ನ ಬೆರಳನ್ನು ಮುಟ್ಟಿದ ಹಾಗಾಯಿತು.

ನಾನು ನಿನಗೆ ತಪ್ಪು ಪ್ರೂಫ್ ಕಳಿಸಿದೆ. ನೀನು ಅದನ್ನು ನಂಬಿ ದೋಣಿ ಕಟ್ಟಿದೆ.

ಇನ್ನೂ ಒಂದು ಇದೆ. ಆ ಪುಸ್ತಕದಲ್ಲಿ ಹಾಸಿಗೆ ಹಿಡಿದವನು ಒಂದು ಬಾಯಿಯಲ್ಲಿ ಕಪ್ತಾನನಿಗೆ, ನನ್ನ ಹಾಗೆ ಆಗಬೇಡ ಎನ್ನುತ್ತಾನೆ. ಆಳುಗಳು ತಿರುಗೋಣ ಎಂದಾಗ ಅದೇ ಬಾಯಿಯಲ್ಲಿ, ನೀವು ಗಂಡಸರಲ್ಲವೇ, ಮುಂದೆ ನಡೆಯಿರಿ ಎಂದು ಹುರಿದುಂಬಿಸುತ್ತಾನೆ. ಮಾಸ್ಟರ್ ಅದನ್ನು ಓದಿದಾಗ, ಎಂಥ ಮನುಷ್ಯ ಇವನು ಎಂದುಕೊಂಡಿದ್ದೆ. ದಿನಚರಿಯಲ್ಲಿ ನಿನಗೆ ಬರೆದ ಪತ್ರದ ನಕಲು ನೋಡಿದೆ. ‘ಹೆದರಿಕೆಯೂ ಆಯಿತು, ಸಂತೋಷವೇ ಹೆಚ್ಚು.’ ಅವನು ನಾನೇ. ಇಷ್ಟು ಕಾಲ ಮೋಹನನಲ್ಲಿ ಹುಡುಕಿದೆ, ನಿನ್ನಲ್ಲಿ ಹುಡುಕಿದೆ. ನನ್ನಲ್ಲಿ ಹುಡುಕಲಿಲ್ಲ.

ಬೇರಿಂಗಿನ ಮಾತನ್ನು ನಿನ್ನನ್ನು ಚುಚ್ಚಲು ಬರೆದದ್ದಲ್ಲ. ಆ ಎರಕದ ಸೀಸ ಎಲ್ಲಿಂದ ಬಂತೆಂದು ಮೋಹನ ನಿನಗೆ ಹೇಳಿರಲಿಕ್ಕಿಲ್ಲ. ನಾನು ಕೊಟ್ಟದ್ದು. ಪ್ರೆಸ್ಸಿನಲ್ಲಿ ಸವೆದ ಮೊಳೆಗಳನ್ನು ಕರಗಿಸಲು ಹಾಕುವ ಡಬ್ಬ ಇದೆ. ಹದಿನೈದು ದಿನ ಊಟದ ಬುತ್ತಿಯಲ್ಲಿ ಮೊಳೆ ತಂದೆ. ಮಗ ಕೇಳಿದ, ಇಲ್ಲ ಎನ್ನಲಾಗಲಿಲ್ಲ. ನಿಜ ಹೇಳಿದರೆ, ಅದಕ್ಕೆ ಉಸಿರು ಬರುವುದನ್ನು ನೋಡಲು ನನಗೂ ಆಸೆ ಇತ್ತು. ಅಳಿವೆಯಲ್ಲಿ ಅದು ಬಿಸಿಗೆ ಕರಗಿ ಶಾಫ್ಟು ನಿಂತಿತು, ನನ್ನ ಮೊಳೆಯೇ ನನ್ನ ಮಗನನ್ನು ಕೊಂದಿತು ಎಂದು ನಾಲ್ಕು ವರ್ಷದಿಂದ ನಂಬಿದ್ದೇನೆ. ಮುದ್ದುವಿಗೂ ಹೇಳಿಲ್ಲ. ನೀನು ತಿಳಿದೂ ನನ್ನ ಮೇಲಿನ ಕರುಣೆಯಿಂದ ಸುಮ್ಮನಿದ್ದೀ ಎಂದು ಭಾವಿಸಿದ್ದೆ.

ಕಡಲು ತೆರೆದ ಮೇಲೆ ಬಾ. ಅಮಾವಾಸ್ಯೆಯಂದು ಬರಬೇಡ. ಆ ನಾಲ್ವರ ಮನೆಯಲ್ಲೂ ಯಾರಾದರೂ ದಿನಚರಿ ಬರೆಯುವವರು ಇರಬಹುದು.

ನೋಣಯ್ಯ


ಕಾರವಾರ
2 ಆಗಸ್ಟ್ 1961

ಮಾಮ,

ಬೇರಿಂಗ್ ಕರಗಲಿಲ್ಲ. ಇದನ್ನು ಮೊದಲು ಓದಿ, ಮತ್ತೊಮ್ಮೆ ಓದಿ. ನಿಮ್ಮ ಮೊಳೆಗಳು ಕೊನೆಯ ಕ್ಷಣದವರೆಗೆ ನಿಂತಿದ್ದವು. ಇಂಜಿನ್ ನೀರಿನಲ್ಲಿ ಮುಳುಗಿದ ಮೇಲೂ ಎರಡು ಸಲ ಹೊಡೆದುಕೊಂಡಿತು. ನಾನು ಕೇಳಿದ್ದೇನೆ. ಶಾಫ್ಟು ಸುತ್ತುತ್ತಲೇ ಮುಳುಗಿತು.

ಏನಾಯಿತೆಂದು ನೀವು ಮೊದಲ ಪತ್ರದಲ್ಲೇ ಕೇಳುವುದಿಲ್ಲ ಎಂದಿರಿ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ. ಈಗ ಕೇಳದೆ ಹೇಳುತ್ತೇನೆ.

ಮೇ ಇಪ್ಪತ್ತೆಂಟು. ಮಳೆಗಾಲಕ್ಕೆಂದು ಮಂಜಿಗಳನ್ನೆಲ್ಲ ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿ ಆಗಿತ್ತು. ಚುಕ್ಕಾಣಿ ನನ್ನ ಕೈಯಲ್ಲಿ. ಮೋಹನ ಇಂಜಿನ್ನಿನ ಹತ್ತಿರ. ಅಳಿವೆಯ ಮರಳಿನ ದಿಬ್ಬದ ಮೇಲೆ ಮೊದಲ ತೆರೆ ದಾಟಿದೆವು, ಎರಡನೆಯದೂ ದಾಟಿದೆವು. ಮೂರನೆಯದು ದೂರದಲ್ಲಿ ಏಳುವುದು ಕಂಡಿತು. ಮೋಹನ ಕೂಗಿದ, “ನೂರು, ತಿರ್ಗಾಲ! ತಿರುಗಿಸು ಮಾರಾಯ, ತಿರ್ಗಾಲ!” ಸಮಯ ಇತ್ತು. ನನಗೆ ಕೇಳಿಸಿತು. ದಡದಲ್ಲಿ ಜನ ನಿಂತಿದ್ದರು. ಇಂಜಿನ್ನಿನ ಸದ್ದಿನಲ್ಲಿ ಕೇಳುವುದಿಲ್ಲ ಎನ್ನುವ ಹಾಗೆ ನಾನು ಕಿವಿಗೆ ಕೈ ಹಿಡಿದು ತೋರಿಸಿದೆ. ನಕ್ಕೆ ಕೂಡ. ಅವನು ಇನ್ನೊಮ್ಮೆ ಕೂಗಲಿಲ್ಲ. ನನ್ನನ್ನು ನೋಡಿದ.

ಅಷ್ಟೆ.

ಅವನು ಆ ಸಾಲನ್ನು ಹೊಡೆದಿದ್ದಾನೆ ಎಂದು ನೀವು ಬರೆದಾಗ, ಹಾಗಾದರೆ ಅವನಿಗೂ ಒಳಗೊಳಗೆ ತಿರುಗುವ ಮನಸ್ಸಿರಲಿಲ್ಲ ಎಂದು ನನ್ನನ್ನೇ ನಂಬಿಸಿದೆ. ಅದರ ಮೇಲೆ ಈ ದೋಣಿ ನಿಂತಿದೆ. ಈಗ ನೀವು ಹದಿನೇಳು ಚುಕ್ಕಿ ಕಳಿಸಿದ್ದೀರಿ.

ಮೊನ್ನೆಯಿಂದ ದೋಣಿಯ ಎದುರು ಕುಳಿತಿದ್ದೇನೆ. ಬರುವುದಿಲ್ಲ ಎಂದು ಬರೆಯಲು ಕೈ ಏಳುವುದಿಲ್ಲ. ಊರಿಗೆಲ್ಲ ಹೇಳಿಯಾಗಿದೆ. ನಾಲ್ವರೂ ಬ್ಯಾಗು ಕಟ್ಟಿ ಕುಳಿತಿದ್ದಾರೆ. ಬರುತ್ತೇನೆ, ಮಾಮ. ಒಳಗೆ ನುಗ್ಗುತ್ತೇನೆಯೇ ಎಂದು ಅಲ್ಲಿ ಬಾಗಿಲು ಕಂಡ ಮೇಲೆ ನನಗೆ ಗೊತ್ತಾಗಬೇಕು. ನನ್ನ ಮೇಲೆ ನನಗೇ ನಂಬಿಕೆ ಇಲ್ಲ.

ಇದನ್ನು ಮುದ್ದು ಅತ್ತೆಗೆ ಓದಿ ಹೇಳಿ. ಪೂರ್ತಿ.

ನೂರು


ಬಿಜೈ
12 ಆಗಸ್ಟ್ 1961

ಪ್ರೀತಿಯ ನೂರು,

ನಿನ್ನ ಪತ್ರವನ್ನು ಮುದ್ದುವಿಗೆ ಪೂರ್ತಿ ಓದಿದೆ, ನನ್ನ ಬುತ್ತಿಯ ವಿಷಯವನ್ನೂ ಹೇಳಿದೆ. ಅವಳು ಎರಡು ದಿನ ನಮ್ಮಿಬ್ಬರ ಮೇಲೂ ಮುನಿದಿದ್ದಳು. ನಿನ್ನ ಮೇಲಿನ ಸಿಟ್ಟನ್ನೂ ನಾನೇ ಉಣ್ಣಬೇಕಾಯಿತು. ನಿನ್ನೆ ಅಮಾವಾಸ್ಯೆಯ ಮುಂಜಾನೆ ಎಂದಿನಂತೆ ಪಾಲೆ ಮರದ ತೊಗಟೆಯ ಕಷಾಯ ಕಾಸಿ ಲೋಟ ಮುಂದಿಟ್ಟು, “ಕುಡಿದು ಬೇಗ ಹೊರಡಿ. ನಾನೂ ಬರ್ತೇನೆ” ಎಂದಳು.

ಬಂದರಿನಿಂದ ಕಡವಿನ ದೋಣಿಯಲ್ಲಿ ನದಿಯಾಚೆಯ ಮರಳದಂಡೆ ಬೆಂಗ್ರೆಗೆ ದಾಟಿದೆವು. ಮೂಸಬ್ಬ ಜೊತೆಗಿದ್ದರು. ಉಮ್ಮ ಬರಲಿಲ್ಲ, “ಒಮ್ಮೆ ನೋಡಿದ ಕಣ್ಣು ಇದು” ಎಂದು ನಮ್ಮ ಮನೆಯಲ್ಲೇ ಉಳಿದರು. ಮರಳಿನ ಮೇಲೆ ಇನ್ನೂರು ಜನ ಇರಬಹುದು. ಮಳೆ ಹಿಂದಿನ ದಿನವೇ ನಿಂತಿತ್ತು. ಅಳಿವೆಯಲ್ಲಿ ಮಾತ್ರ ಬಿಳಿ ಗೋಡೆಗಳು ಒಂದರ ಹಿಂದೆ ಒಂದು ಎದ್ದು ಬೀಳುತ್ತಿದ್ದವು. ನೆಲ ನಡುಗುವುದು ಅಂಗಾಲಿಗೆ ತಿಳಿಯುತ್ತಿತ್ತು.

ಹತ್ತೂ ಮುಕ್ಕಾಲಿಗೆ ಸದ್ದು ಕೇಳಿತು. ದೋಣಿ ಕಾಣುವ ಮೊದಲೇ. ಮುದ್ದು ನನ್ನ ತೋಳು ಹಿಡಿದಳು. ಅದೇ ಕೆಮ್ಮು, ಅದೇ ಉಸಿರು. ನಾಲ್ಕು ವರ್ಷದ ಹಿಂದೆ ದಕ್ಕೆಯಲ್ಲಿ ಕೇಳಿದ್ದು ಸಮುದ್ರದ ಕಡೆಯಿಂದ ನಡೆದು ಬರುತ್ತಿತ್ತು. ಆಮೇಲೆ ನೀನು ಕಂಡೆ. ತೆರೆಯ ನೆತ್ತಿಯ ಮೇಲೆ ಒಮ್ಮೆ, ಮತ್ತೆ ಇಲ್ಲ, ಮತ್ತೆ ಒಮ್ಮೆ. ನಿನ್ನ ಹಿಂದೆ ನಾಲ್ಕು ತಲೆಗಳು. ಅಂಥದ್ದನ್ನು ಮನುಷ್ಯರ ಕೈ ಮಾಡಿದೆ ಎಂದು ನಂಬುವುದು ಕಷ್ಟ. ನೀನು ಏನೇ ಮಾಡಿರಲಿ, ಆ ಹೊತ್ತಿಗೆ ನನಗೆ ಕೈ ಮುಗಿಯಬೇಕು ಅನ್ನಿಸಿತು.

ನೀನು ಬಾಗಿಲಿನ ಹೊರಗೆ ಕಾದೆ. ಜನ ಕೂಗುತ್ತಿದ್ದರು, “ಬಾ ಬಾ! ಹೊಡಿ! ಒಳಗೆ ಹೊಡಿ!” ಮೂಸಬ್ಬ ಮರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದವರು, “ಈಗ ಹೊಕ್ಕರೆ ಮುಗಿಯಿತು. ಅವನಿಗೂ ಗೊತ್ತುಂಟು” ಎಂದರು. ನೀನು ಮುಂದೆ ಬಂದೆ. ಒಂದು ತೆರೆ ದಾಟಿದೆ. ಜನ ಕುಣಿದರು. ಎರಡನೆಯದರ ಮೇಲೆ ಹತ್ತಿದೆ. ಅದರಿಂದ ಇಳಿದ ತಗ್ಗಿನಲ್ಲಿ ನಿನ್ನ ದೋಣಿ ಅಡ್ಡವಾಯಿತು.

ಮೂಸಬ್ಬ ಎದ್ದು ನಿಂತರು. “ಯಾ ಅಲ್ಲಾಹ್, ತಿರುಗಿಸ್ತಾ ಇದ್ದಾನೆ! ಅಲ್ಲಿ? ಈ ನೀರಲ್ಲಿ?”

ಮುಂದಿನ ತೆರೆ ನಿನ್ನ ಮೇಲೆ ಏಳುವುದು ಕಂಡಿತು. ದೋಣಿಯ ಹೊಟ್ಟೆ ಪೂರ್ತಿ ನಮ್ಮ ಕಡೆ ಕಾಣಿಸಿತು, ಎಣ್ಣೆ ಬಳಿದ ಹಲಗೆಗಳ ಸಂದು ಸಂದು. ನಾಲ್ವರೂ ಒಂದು ಅಂಚಿಗೆ ಜೋತು ಬಿದ್ದಿದ್ದರು. ಆಮೇಲೆ ಬಿಳಿ ಬಿಟ್ಟು ಏನೂ ಇಲ್ಲ. ಸದ್ದೂ ಇಲ್ಲ. ಮುದ್ದುವಿನ ಉಗುರು ನನ್ನ ತೋಳಿನಲ್ಲಿ ಇಳಿದದ್ದು ಈಗಲೂ ಕಾಣುತ್ತದೆ. ನಾನು ಎಣಿಸಲಿಲ್ಲ, ಎಷ್ಟು ಹೊತ್ತೋ ತಿಳಿಯದು. ಬಿಳಿಯ ಒಳಗಿನಿಂದ ಮೊದಲು ಉಸಿರು ಕೇಳಿಸಿತು, ಮತ್ತೆ ದೋಣಿಯ ಹಿಂಬದಿ ಕಂಡಿತು. ನೀನು ಪಶ್ಚಿಮಕ್ಕೆ ಮುಖ ಮಾಡಿ ಹತ್ತುತ್ತಿದ್ದೆ. ತಲೆಗಳನ್ನು ಮುದ್ದು ಗಟ್ಟಿಯಾಗಿ ಹೇಳಿದಳು, “ಒಂದು, ಎರಡು, ಮೂರು, ನಾಲ್ಕು. ಅವನೂ ಇದ್ದಾನೆ.”

ಯಾರೋ ಸೀಟಿ ಹೊಡೆದರು. “ಹೆದರಿದ, ಹೆದರಿದ! ಕಾರವಾರಕ್ಕೆ ಹಾಲು ಕುಡಿಯಲಿಕ್ಕೆ ಹೋದ” ಎಂದು ನಕ್ಕರು. ಮೂಸಬ್ಬ ಅವರ ಕಡೆ ತಿರುಗಿ, “ನಕ್ಕವ ಮುಂದೆ ಬಾ. ನನಗೆ ಎಪ್ಪತ್ತಮೂರು ವರ್ಷ. ಒಳಗೆ ಹೊಕ್ಕವರನ್ನು ಕಂಡಿದ್ದೇನೆ, ಸತ್ತವರನ್ನು ಕಂಡಿದ್ದೇನೆ. ಅಲ್ಲಿಂದ ತಿರುಗಿಸಿದವನನ್ನು ಇವತ್ತು ಕಂಡದ್ದು” ಎಂದರು.

ನಾನು ನೀರಿನ ಅಂಚಿಗೆ ನಡೆದೆ. ನೀನು ಉತ್ತರಕ್ಕೆ ತಿರುಗಿ ಸಣ್ಣದಾಗುತ್ತಾ ಹೋದೆ. ನನ್ನ ಮಗ ಕೇಳಿದ್ದು ಇಷ್ಟೇ. ಅದನ್ನು ಅದೇ ನೀರಿನಲ್ಲಿ ಒಬ್ಬ ಮಾಡಿದ್ದನ್ನು ನನ್ನ ಎರಡು ಕಣ್ಣು ಕಂಡವು. ಅಷ್ಟು ದೊಡ್ಡದನ್ನು ಕಾಣುವ ಯೋಗ್ಯತೆ ನನಗೆ ಎಲ್ಲಿಂದ ಬಂತೋ.

ಇವತ್ತು ಬೆಳಿಗ್ಗೆ ಉಡುಪಿ ಬಸ್ಸಿನ ಕಂಡಕ್ಟರ್ ಸೆವರಿನ್ ಪ್ರೆಸ್ಸಿಗೆ ಬಂದು, ಮಲ್ಪೆಯ ಎದುರು ದ್ವೀಪದ ಮರೆಯಲ್ಲಿ ಇಂಜಿನ್ ದೋಣಿ ಒಂದು ನಿಂತಿದೆ, ಐದು ಜನ ಕೆಳಗಿಳಿದು ಹೋಟೆಲಿನಲ್ಲಿ ಗಂಜಿ ಉಂಡರಂತೆ ಎಂದ. ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಾಲ್ವರನ್ನು ಅವರವರ ಮನೆಗೆ ಕಳಿಸು. ದೋಣಿ ಅಲ್ಲೇ ಇರಲಿ. ನೀನು ಇವನ ಮಧ್ಯಾಹ್ನದ ಬಸ್ಸಿಗೆ ಹತ್ತು.

ನಿನ್ನ ಉಮ್ಮ ನಿನ್ನೆಯಿಂದ ನಮ್ಮ ಜಗಲಿಯಲ್ಲೇ ಕುಳಿತಿದ್ದಾರೆ. ಊಟ ಮುಟ್ಟಿಲ್ಲ. ಕಣ್ಣಾರೆ ಕಂಡದ್ದನ್ನು ನಾನು ಹೇಳಿದೆ, ಮುದ್ದು ಹೇಳಿದಳು, ಮೂಸಬ್ಬ ಆಣೆ ಹಾಕಿದರು. ಅವರು ನಂಬುವುದಿಲ್ಲ. “ನೀವು ಮೂವರೂ ಸೇರಿ ನನಗೆ ಸಮಾಧಾನ ಹೇಳ್ತಾ ಇದ್ದೀರಿ. ನನ್ನ ಮಗ ಹಿಂದೆ ತಿರುಗುವವನೇ ಅಲ್ಲ” ಎನ್ನುತ್ತಾರೆ.

ನೀನೇ ಬಂದು ಹೇಳು.

ನೋಣಯ್ಯ